ಕಿರಿದಾದ ರಸ್ತೆಯಲ್ಲಿ ಸೈಕಲ್ಲಿಗೂ ಜೀಪಿಗೂ ಜಾಗ

ಪ್ರಶ್ನೆ: ನಾನು ನಾಪೋಕ್ಲು ಕಡೆಯ ಕಾಫಿ ತೋಟವೊಂದರಲ್ಲಿ ಜೀಪು ಓಡಿಸುತ್ತೇನೆ. ಕೊಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಕಾರ್ಮಿಕರನ್ನು ಕರೆದೊಯ್ಯುವಾಗ ಮುಂದೆ ಸೈಕಲ್ ಸವಾರರ ಗುಂಪು ಸಿಗುತ್ತದೆ. ಎಷ್ಟು ಹಾರ್ನ್ ಮಾಡಿದರೂ ಅವರು ಅಂಚಿಗೆ ಸರಿಯುವುದಿಲ್ಲ. ಅಂಚಿನಲ್ಲೇ ಹೋಗಬೇಕೆಂಬುದು ನಿಯಮವಲ್ಲವೇ?

ಉತ್ತರ: ಸೈಕಲ್ ಸವಾರರು ಎಡಬದಿಯಲ್ಲಿ ಸಾಗಬೇಕೆಂಬ ತಮ್ಮ ಮಾತು ಸರಿ, ಆದರೆ ಎಡಬದಿಯೆಂದರೆ ಟಾರಿನ ತುತ್ತತುದಿಯಲ್ಲ. ನಮ್ಮ ಕೊಡಗು ಜಿಲ್ಲೆಯ ಒಳರಸ್ತೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಅಂಚಿನ ಮಣ್ಣನ್ನು ಕೊರೆದುಬಿಡುತ್ತದೆ. ಕೊಯ್ಲಿನ ಹೊತ್ತಿಗೂ ಆ ಕೊರಕಲು ಹಾಗೆಯೇ ಉಳಿದಿರುತ್ತದೆ. ಜೀಪಿಗೆ ಅದು ಲೆಕ್ಕಕ್ಕಿಲ್ಲದಿದ್ದರೂ, ಸೈಕಲ್ಲಿನ ಮುಂದಿನ ಚಕ್ರ ಅಲ್ಲಿಗಿಳಿದು ಮತ್ತೆ ಟಾರಿಗೆ ಹತ್ತಲು ಹೋದಾಗ ಅಂಚಿಗೆ ತಗುಲಿ, ಸವಾರ ಚರಂಡಿಯ ಕಡೆಗಲ್ಲ, ರಸ್ತೆಯ ಕಡೆಗೇ ಬೀಳುತ್ತಾನೆ. ವಿರಾಜಪೇಟೆಯ ಹತ್ತಿರ ನಾನೊಮ್ಮೆ ಹೀಗೆಯೇ ಬಿದ್ದೆ. ಹಿಂದಿದ್ದ ಪಿಕಪ್ ಚಾಲಕರು ಅಂತರವಿಟ್ಟು ಬರುತ್ತಿದ್ದುದರಿಂದ ಮಂಡಿ ತರಚಿದ್ದಷ್ಟೇ ಆಯಿತು. ಅವರ ತಾಳ್ಮೆಯನ್ನು ಇಂದಿಗೂ ನೆನೆಯುತ್ತೇನೆ.

ಅಳತೆಯನ್ನೂ ನೋಡೋಣ. ರಸ್ತೆಗಳ ಅಳತೆಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಏಕಪಥ ರಸ್ತೆಯ ಟಾರು 3.75 ಮೀಟರ್ ಅಗಲವಿರುತ್ತದೆ, ತೋಟದ ರಸ್ತೆಗಳು ಅದಕ್ಕಿಂತಲೂ ಕಿರಿದು. ಜೀಪಿನ ಅಗಲ ಕನ್ನಡಿ ಬಿಟ್ಟು ಸುಮಾರು 1.75 ಮೀಟರ್, ಸೈಕಲ್ಲಿನ ಹ್ಯಾಂಡಲ್ಲಿಗೆ 0.6 ಮೀಟರ್; ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕೆಂದು ಬ್ರಿಟನ್ನಿನ ಸಂಚಾರ ಸಂಹಿತೆ ಗಂಟೆಗೆ 30 ಮೈಲಿವರೆಗಿನ ವೇಗಕ್ಕೆ ಹೇಳುತ್ತದೆ. ಇವುಗಳನ್ನು ಕೂಡಿಸಿದರೆ 3.85 ಮೀಟರ್ ಆಗುತ್ತದೆ. ಅಂದರೆ ಸೈಕಲ್ ತುತ್ತತುದಿಗೆ ಹೋದರೂ ತಮಗೆ ಸುರಕ್ಷಿತವಾಗಿ ಮುಂದೆ ಹೋಗುವಷ್ಟು ಜಾಗವಿಲ್ಲ, ಆದ್ದರಿಂದ ಹಾರ್ನಿಗೆ ಸರಿಯದವರನ್ನು ಮೊಂಡರೆಂದು ಭಾವಿಸಬೇಡಿ. ದೂರದಿಂದಲೇ ಒಮ್ಮೆ ಮೆಲ್ಲಗೆ ಹಾರ್ನ್ ಮಾಡಿ, ವೇಗ ತಗ್ಗಿಸಿ, ತೋಟದ ಗೇಟಿನ ಮುಂದಿನ ಅಗಲವೋ ಬಸ್ ನಿಲ್ದಾಣವೋ ಸಿಗುವವರೆಗೆ ಹಿಂದೆಯೇ ಬನ್ನಿ. ತಿರುವಿನಲ್ಲಿ ಮಾತ್ರ ಯಾವ ಕಾರಣಕ್ಕೂ ಹಿಂದಿಕ್ಕಬೇಡಿ.

ಸವಾರರ ಹೊಣೆಯೂ ಇದೆ. ಹಿಂದೆ ವಾಹನ ಬಂದದ್ದು ತಿಳಿದೊಡನೆ ಅವರು ಒಬ್ಬರ ಹಿಂದೊಬ್ಬರಾಗಿ, ಅಂತಹ ಅಗಲ ಜಾಗದಲ್ಲಿ ಇಳಿದು ನಿಂತು ದಾರಿ ಕೊಡಬೇಕು. ಬೆಳಿಗ್ಗೆ ಕೆಲಸದ ಹೊತ್ತಿಗೆ ತಲುಪಬೇಕಾದ ಹತ್ತು ಮಂದಿ ತಮ್ಮ ಜೀಪಿನಲ್ಲಿರುತ್ತಾರೆ. ವಿಹಾರಕ್ಕೆ ಬಂದವರು ಅವರನ್ನು ಕಾಯಿಸುವುದು ನ್ಯಾಯವಲ್ಲ.

ಪ್ರಶ್ನೆ: ಮಾದಾಪುರದ ಇಳಿಜಾರಿನಲ್ಲಿ ನಾನು ಸೈಕಲ್ಲಿನಲ್ಲಿ ಇಳಿಯುವಾಗ ಎದುರಿನಿಂದ ಪಿಕಪ್ ಹತ್ತಿ ಬಂದರೆ ಯಾರು ನಿಲ್ಲಬೇಕು?

ಉತ್ತರ: ತಾವೇ ನಿಲ್ಲಬೇಕು. ಗುಡ್ಡದ ಕಿರಿದಾದ ರಸ್ತೆಯಲ್ಲಿ ಇಳಿಯುವ ವಾಹನ ಹತ್ತುವ ವಾಹನಕ್ಕೆ ಆದ್ಯತೆ ಕೊಡಬೇಕೆಂಬ ನಿಯಮವನ್ನು ಮೋಟಾರು ವಾಹನಗಳಿಗಾಗಿ ಬರೆದಿದ್ದರೂ, ಅದರ ಕಾರಣ ಸೈಕಲ್ಲಿಗೂ ಸಲ್ಲುತ್ತದೆ: ಹೊರೆ ಹೊತ್ತು ಹತ್ತುತ್ತಿರುವ ಗಾಡಿ ನಡುವೆ ನಿಂತರೆ ಮತ್ತೆ ಹೊರಡಿಸುವುದು ಕಷ್ಟ, ಹಿಂದಕ್ಕೆ ಜಾರುವ ಭಯವೂ ಉಂಟು. ತಾವು ಹತ್ತುತ್ತಿದ್ದು ಪಿಕಪ್ ಇಳಿಯುತ್ತಿದ್ದರೆ ಆ ಚಾಲಕರು ಕಾಯಬೇಕು. ಮಳೆಯಲ್ಲಿ ರಿಮ್ ಬ್ರೇಕು (ಚಕ್ರದ ಲೋಹದ ಬಳೆಯನ್ನು ಒತ್ತಿ ಹಿಡಿಯುವ ಬ್ರೇಕು) ತಡವಾಗಿ ಹಿಡಿಯುವುದರಿಂದ, ತಿರುವು ಕಾಣುವ ಮೊದಲೇ ಅದನ್ನು ಹಗುರವಾಗಿ ಒತ್ತಿ ರಿಮ್ಮಿನ ನೀರನ್ನು ಒರೆಸಿಕೊಳ್ಳಿ.