ಏಳು ವರ್ಷದ ಮಗನಿಗೆ ಪ್ಯಾಂಕ್ರಿಯಾಟೈಟಿಸ್: ಗಂಜಿ ಕೊಡಬಹುದಾ, ಮತ್ತೆ ಬರುತ್ತದಾ?

ನಿಮ್ಮ ಮಗನಿಗೆ ಏಳು ವರ್ಷ, ತೂಕ 22 ಕೆ.ಜಿ. ಮೊದಲು ಗ್ಯಾಸ್ಟ್ರಿಕ್ ಅಂತ ಸಿರಪ್ ಕೊಟ್ಟರು, ಆಮೇಲೆ ರಕ್ತದಲ್ಲಿ ಲೈಪೇಸ್ (ಮೇದೋಜೀರಕ ಗ್ರಂಥಿಯ ಒಂದು ಜೀರ್ಣಕಿಣ್ವ) 1,140 ಬಂದು, ಪ್ಯಾಂಕ್ರಿಯಾಟೈಟಿಸ್ ಅಂದರೆ ಮೇದೋಜೀರಕ ಗ್ರಂಥಿಯ ಊತ ಅಂತ ಅಡ್ಮಿಟ್ ಮಾಡಿದರು. ಎರಡು ದಿನದಿಂದ ಬಾಯಿಗೆ ಏನೂ ಕೊಟ್ಟಿಲ್ಲ. ವಾಂತಿ ನಿಂತಿದೆ, ಹಸಿವು ಅಂತ ಅಳುತ್ತಿದ್ದಾನೆ, ಅಜ್ಜಿ ಗಂಜಿಯಾದರೂ ಕೊಡಿ ಅನ್ನುತ್ತಿದ್ದಾರೆ. ಕೊಡಬಹುದಾ, ಇದು ಮತ್ತೆ ಬರುತ್ತದಾ ಎಂಬುದು ನಿಮ್ಮ ಪ್ರಶ್ನೆ.

ಅಜ್ಜಿ ಹೇಳುವುದರಲ್ಲಿ ಹುರುಳಿದೆ. ವಾಂತಿ ನಿಂತು, ಹೊಟ್ಟೆ ಮೆತ್ತಗಿದ್ದು, ಮಗುವೇ ಊಟ ಕೇಳುತ್ತಿದ್ದರೆ ಸಾಮಾನ್ಯವಾಗಿ ಊಟ ಶುರು ಮಾಡಬಹುದು. ಆದರೆ ನೀವಾಗಿಯೇ ಕೊಡಬೇಡಿ. ನಾಳೆ ಬೆಳಿಗ್ಗೆ ಡಾಕ್ಟರು ರೌಂಡ್ಸ್‌ಗೆ ಬಂದಾಗ "ಇವತ್ತು ಊಟ ಶುರು ಮಾಡಬಹುದಾ? ಬೇಡವೆಂದರೆ ಯಾವ ಕಾರಣಕ್ಕೆ?" ಅಂತ ನೇರವಾಗಿ ಕೇಳಿ. ಆಪರೇಷನ್ ಅಥವಾ ಎಂಡೋಸ್ಕೋಪಿ ಇದೆ, ಕರುಳು ಚಲಿಸುತ್ತಿಲ್ಲ ಎಂಬಂಥ ಗಟ್ಟಿ ಕಾರಣ ಇದ್ದರೆ ಕಾಯಲೇಬೇಕು. "ಲೈಪೇಸ್ ಇನ್ನೂ ಇಳಿದಿಲ್ಲ" ಎಂಬುದೊಂದೇ ಕಾರಣ ಸಾಲದು.

ಮೇದೋಜೀರಕ ಗ್ರಂಥಿ ಜೀರ್ಣರಸ ತಯಾರಿಸಿ ಕರುಳಿಗೆ ಕಳಿಸುತ್ತದೆ. ಕರುಳು ಸೇರಿದ ಮೇಲೆ ಚುರುಕಾಗಬೇಕಾದ ಆ ರಸ ಗ್ರಂಥಿಯೊಳಗೇ ಚುರುಕಾಗಿ ಗ್ರಂಥಿಯನ್ನೇ ಸುಡುವುದು ಈ ಕಾಯಿಲೆ. ಊಟ ಕೊಟ್ಟರೆ ರಸ ಇನ್ನಷ್ಟು ಒಸರುತ್ತದೆ, ಆದ್ದರಿಂದ ಉಪವಾಸವೇ ಮದ್ದು ಎಂದು ಹಿಂದೆ ನಂಬಿದ್ದರು. ಈಗ ಗೊತ್ತಿರುವುದು ಬೇರೆ. ಖಾಲಿ ಬಿದ್ದ ಕರುಳಿನ ಒಳಪದರ ಸೊರಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ದಾಟಿ ಊದಿಕೊಂಡ ಗ್ರಂಥಿಗೆ ಸೋಂಕು ತಗಲುವ ಅಪಾಯ ಹೆಚ್ಚುತ್ತದೆ. ಹಾಗಾಗಿ ಸೌಮ್ಯ ಪ್ರಕರಣದಲ್ಲಿ 48 ಗಂಟೆಯೊಳಗೇ ಬಾಯಿಂದ ಆಹಾರ ಶುರು ಮಾಡುತ್ತಾರೆ. ತಿನ್ನಲಾಗದ ಮಗುವಿಗೆ 72 ಗಂಟೆಯೊಳಗೆ ಮೂಗಿನ ಟ್ಯೂಬಿನಲ್ಲಿ ಕೊಡುತ್ತಾರೆ. ರಕ್ತನಾಳದ ಮೂಲಕ ಪೋಷಣೆ ಕೊಡುವುದು ಇವೆರಡೂ ಆಗದಿದ್ದಾಗ ಮಾತ್ರ.

ಮೊದಲ ದಿನ ರಾಗಿ ಗಂಜಿ, ಮೆತ್ತಗಿನ ಅನ್ನ ತಿಳಿಸಾರು, ಇಡ್ಲಿ ಸಾಕು. ಅರ್ಧ ಲೋಟದಿಂದ ಶುರು ಮಾಡಿ, ಎರಡು ಗಂಟೆ ನೋಡಿ, ನೋವು ಹೆಚ್ಚದಿದ್ದರೆ ಮತ್ತೆ ಕೊಡಿ. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಸರಿಯಿರುವ ಮಗುವಿಗೆ ತಿಂಗಳುಗಟ್ಟಲೆ ಎಣ್ಣೆ ತುಪ್ಪ ಬಿಡಿಸಿ ಸಪ್ಪೆ ಊಟ ಹಾಕುವ ಅಗತ್ಯವಿಲ್ಲ. ಬೆಳೆಯುವ ಮಗು ಸುಮ್ಮನೆ ತೂಕ ಕಳೆದುಕೊಳ್ಳುತ್ತದೆ.

1,140 ನೋಡಿ ಹೆದರಬೇಡಿ. ಮೇಲಿನ ಮಿತಿಯ ಮೂರು ಪಟ್ಟು ದಾಟಿದರೆ ರೋಗ ಗುರುತಿಸಲು ನೆರವು, ಅಷ್ಟೇ. 400 ಇದ್ದ ಮಗು ಐಸಿಯುಗೆ ಹೋಗಬಹುದು, 3,000 ಇದ್ದದ್ದು ನಾಲ್ಕೇ ದಿನದಲ್ಲಿ ಆಡುತ್ತ ಮನೆಗೆ ಹೋಗಬಹುದು. ದಿನಾ ಸೂಜಿ ಚುಚ್ಚಿ ಲೈಪೇಸ್ ನೋಡುವುದರಿಂದ ಚಿಕಿತ್ಸೆ ಬದಲಾಗುವುದಿಲ್ಲ.

ಊಟಕ್ಕಿಂತ ಮೊದಲು ಬರುವುದು ಡ್ರಿಪ್. ಊತದಿಂದ ರಕ್ತದ ನೀರಿನಂಶ ಸೋರಿ ಹೋಗುವುದರಿಂದ ಮೊದಲ 24 ಗಂಟೆ ಬಹಳ ಮುಖ್ಯ. ನಿಮ್ಮ ಮಗನಿಗೆ ದಿನಕ್ಕೆ ಸಾಮಾನ್ಯವಾಗಿ ಬೇಕಾಗುವ ನೀರಿನ ಲೆಕ್ಕವನ್ನೇ ಹಿಡಿಯೋಣ. ಮೊದಲ 10 ಕೆ.ಜಿ.ಗೆ 1,000 ಮಿ.ಲೀ., ಮುಂದಿನ 10ಕ್ಕೆ 500, ಉಳಿದ 2ಕ್ಕೆ 40, ಒಟ್ಟು ದಿನಕ್ಕೆ 1,540 ಮಿ.ಲೀ. ಅದರ ಒಂದೂವರೆ ಪಟ್ಟು ಅಂದರೆ ಗಂಟೆಗೆ ಸುಮಾರು 96 ಮಿ.ಲೀ. ಮೊದಲ ಒಂದೆರಡು ದಿನ ಒಂದೂವರೆಯಿಂದ ಎರಡು ಪಟ್ಟು ಕೊಡುವುದು ವಾಡಿಕೆ. ಸಾಲುತ್ತಿದೆಯೇ ಎಂಬುದಕ್ಕೆ ಮೂತ್ರವೇ ಸಾಕ್ಷಿ: ಗಂಟೆಗೆ 22 ಮಿ.ಲೀ. ಆಸುಪಾಸು, ಆರು ಗಂಟೆಗೆ ಸುಮಾರು 130. ಮಗ ಮೂತ್ರ ಮಾಡಿದಾಗಲೆಲ್ಲ ಅಳತೆಪಾತ್ರೆಯಲ್ಲಿ ಹಿಡಿದು ನರ್ಸ್‌ಗೆ ತೋರಿಸಿ, ಇದು ನೀವು ಮಾಡಬಹುದಾದ ದೊಡ್ಡ ಸಹಾಯ. ನೀರು ವಿಪರೀತವಾದರೂ ಕಷ್ಟವೇ, ಶ್ವಾಸಕೋಶದಲ್ಲಿ ತುಂಬಿ ಉಸಿರು ಏರುತ್ತದೆ.

ನೋವನ್ನು ಸಹಿಸಿಕೊಳ್ಳಲು ಬಿಡಬೇಡಿ. ಮಂಡಿಯನ್ನು ಹೊಟ್ಟೆಗೆ ಎಳೆದುಕೊಂಡು ಮುಂದಕ್ಕೆ ಬಾಗಿ ಮುದುಡಿ ಕೂರುವ ಮಗು ಬಾಯಿಬಿಟ್ಟು ಹೇಳದಿದ್ದರೂ ನೋವಿನಲ್ಲಿದೆ ಎಂದೇ ತಿಳಿಯಿರಿ. ಪ್ಯಾರಾಸಿಟಮಾಲ್ ಸಾಲದಿದ್ದರೆ ಮಾರ್ಫಿನ್ ಗುಂಪಿನ ಔಷಧ ಕೊಡುತ್ತಾರೆ, ಆ ಹೆಸರು ಕೇಳಿ ಗಾಬರಿಯಾಗಬೇಡಿ. ಸೋಂಕಿನ ಗುರುತಿಲ್ಲದೆ ಆಂಟಿಬಯೋಟಿಕ್ ಬೇಕಿಲ್ಲ.

ಇನ್ನು ಮತ್ತೆ ಬರುತ್ತದಾ ಎಂಬುದು. ಅದು ಕಾರಣದ ಮೇಲೆ ನಿಂತಿದೆ. ಕಾರಣ ಹುಡುಕದೆ ಡಿಸ್ಚಾರ್ಜ್ ಆಗಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ನೋವು ಇಳಿದ ಕೂಡಲೇ ಎಲ್ಲರೂ ನಿರಾಳವಾಗಿಬಿಡುತ್ತಾರೆ, ಹುಡುಕಾಟ ಅರ್ಧಕ್ಕೇ ನಿಲ್ಲುತ್ತದೆ.

ಮಕ್ಕಳಲ್ಲಿ ಕಾರಣಗಳು ಬೇರೆಯೇ. ಇತ್ತೀಚೆಗೆ ಸೈಕಲ್‌ನಿಂದ ಬಿದ್ದಿದ್ದನೇ ನೆನಪಿಸಿಕೊಳ್ಳಿ. ಹ್ಯಾಂಡಲ್ ಹೊಟ್ಟೆಗೆ ಗುದ್ದಿದಾಗ ಗ್ರಂಥಿ ಬೆನ್ನುಮೂಳೆಗೆ ಒತ್ತಿ ಜಜ್ಜಿಹೋಗುತ್ತದೆ. ಹೊಕ್ಕಳ ಮೇಲೆ ದುಂಡಗಿನ ಕಂದುಗಟ್ಟಿದ ಗುರುತು ಬಿಟ್ಟರೆ ಹೊರಗೆ ಏನೂ ಕಾಣದಿರಬಹುದು, ಬೈಸಿಕೊಳ್ಳುವ ಭಯಕ್ಕೆ ಮಕ್ಕಳು ಹೇಳುವುದೂ ಇಲ್ಲ. ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೋಯೇಟ್, ರಕ್ತದ ಕ್ಯಾನ್ಸರ್‌ಗೆ ಕೊಡುವ ಆಸ್ಪರಾಜಿನೇಸ್ ಕೂಡ ಕಾರಣವಾಗುತ್ತವೆ. ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ಈಗಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮಂಗನಬಾವಿನಂಥ ವೈರಸ್ ಸೋಂಕು, ಪಿತ್ತನಾಳದೊಳಗೆ ನುಗ್ಗಿದ ಜಂತುಹುಳು, ಪಿತ್ತಕೋಶದ ಕಲ್ಲು, ಹುಟ್ಟಿನಿಂದಲೇ ಉಬ್ಬಿದ ಪಿತ್ತನಾಳ ಇವೂ ಇವೆ. ಕೊನೆಯ ಎರಡಕ್ಕೆ ಆಪರೇಷನ್ ಮಾಡಿದರೆ ಮುಂದಿನ ದಾಳಿ ತಪ್ಪಿಸಬಹುದು, ಅದಕ್ಕೇ ಹುಡುಕಬೇಕು ಅನ್ನುವುದು.

ಎಲ್ಲಕ್ಕಿಂತ ಮೊದಲು ಅಲ್ಟ್ರಾಸೌಂಡ್. ಅತ್ತು ಗಾಳಿ ನುಂಗಿದ ಮಗುವಿನ ಹೊಟ್ಟೆಯಲ್ಲಿ ಗ್ಯಾಸ್ ತುಂಬಿ ಗ್ರಂಥಿಯೇ ಮರೆಯಾಗಬಹುದು, ಆಗ ರಿಪೋರ್ಟಿನಲ್ಲಿ "ಕಾಣಲಿಲ್ಲ" ಅಂತ ಬರೆದಿದ್ದರೆ ಅದು "ಸರಿಯಿದೆ" ಅಂತಲ್ಲ. ಪೆಟ್ಟಿನ ಅನುಮಾನ ಇಲ್ಲದಿದ್ದರೆ ಮೊದಲ ದಿನವೇ ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ಬೇಡ. ಟ್ರೈಗ್ಲಿಸರೈಡ್ ಪರೀಕ್ಷೆ ಅಡ್ಮಿಟ್ ಆದ ದಿನದ ರಕ್ತದಲ್ಲೇ ಆಗಬೇಕು, ಉಪವಾಸ ಮತ್ತು ಡ್ರಿಪ್‌ನಿಂದ ಅದು ಬೇಗ ಇಳಿದು ಮೋಸಮಾಡುತ್ತದೆ. 1,000 ದಾಟಿದ್ದರೆ ಅದೇ ಕಾರಣವಿರಬಹುದು. ಕ್ಯಾಲ್ಸಿಯಂ ಹೆಚ್ಚಿರುವುದೂ ಒಂದು ಕಾರಣ, ಆದರೆ ಅದನ್ನು ನೋಡುವ ಸಮಯ ಇದಕ್ಕೆ ತದ್ವಿರುದ್ಧ. ದಾಳಿಯ ಸಮಯದಲ್ಲಿ ತಾನೇ ಕುಸಿಯುತ್ತದೆ, ಹಾಗಾಗಿ ಗುಣವಾದ ಮೇಲೆ ಮತ್ತೊಮ್ಮೆ ನೋಡಿಸಿ.

ಎರಡನೇ ಸಲ ಬಂದರೆ, ಇಲ್ಲವೇ ಕುಟುಂಬದಲ್ಲಿ ಯಾರಿಗಾದರೂ ಇದ್ದರೆ ಎಂಆರ್‌ಸಿಪಿ ಸ್ಕ್ಯಾನ್ (ಪಿತ್ತನಾಳ ಮತ್ತು ಮೇದೋಜೀರಕ ನಾಳಗಳನ್ನು ತೋರಿಸುವ ಎಂಆರ್‌ಐ) ಮತ್ತು ಜೀನ್ ಪರೀಕ್ಷೆ ಕೇಳಿ. ಸ್ಪಿಂಕ್1 ಎಂಬ ಜೀನಿನ ಬದಲಾವಣೆ ನಮ್ಮ ದೇಶದ ರೋಗಿಗಳಲ್ಲಿ ಆಗಾಗ ಸಿಗುತ್ತದೆ. ಒಂದು ಸಲ ಸೌಮ್ಯವಾಗಿ ಬಂದದ್ದು ಹೆಚ್ಚಿನ ಮಕ್ಕಳಲ್ಲಿ ಮರಳುವುದಿಲ್ಲ.

ಉಸಿರು ಜೋರಾದರೆ, ಹೊಟ್ಟೆ ಬಿಗಿದು ಉಬ್ಬಿದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ರಾತ್ರಿ ಎರಡು ಗಂಟೆಯಾದರೂ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ. ಮನೆಗೆ ಹೋದ ಮೇಲೆ ಜ್ವರ ಬಂದರೆ, ಮೂರ್ನಾಲ್ಕು ವಾರಕ್ಕೆ ಎರಡು ತುತ್ತಿಗೇ ಹೊಟ್ಟೆ ತುಂಬಿ ವಾಂತಿಯಾದರೆ ಮತ್ತೆ ಅಲ್ಟ್ರಾಸೌಂಡ್ ಬೇಕು. ಗ್ರಂಥಿಯ ಸುತ್ತ ದ್ರವ ಕಟ್ಟಿರಬಹುದು, ಅದು ಬಹಳ ಸಲ ತಾನಾಗಿಯೇ ಕರಗುತ್ತದೆ. ಮೂರು ತಿಂಗಳಿಗೆ ತೂಕ ಮತ್ತು ಖಾಲಿಹೊಟ್ಟೆಯ ಸಕ್ಕರೆ ನೋಡಿಸಿ. ಮಲ ಜಿಡ್ಡಾಗಿ, ಕೆಟ್ಟ ನಾತ ಬಂದು, ನೀರು ಹಾಕಿದರೂ ಹೋಗದೆ ತೇಲುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.