ಅಕ್ಕನಿಗೊಂದು ಪ್ರಶ್ನೆ: ಸಹಿ ಹಾಕಲೋ, ಕೆಲಸ ಬಿಡಲೋ?

ಪ್ರಶ್ನೆ: ಅಕ್ಕನವರಿಗೆ ಕರ್ತನ ಹೆಸರಿನಲ್ಲಿ ವಂದನೆಗಳು. ನಾನು ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕ್ಲರ್ಕ್. ಕೆಲವು ತಿಂಗಳಿಂದ ನಮ್ಮ ಸೆಕ್ರೆಟರಿ ಸಾಲದ ಫೈಲುಗಳನ್ನು ತಂದು ಸಹಿ ಕೇಳುತ್ತಿದ್ದಾರೆ. ಸಾಲಗಾರರು ಕಚೇರಿಗೆ ಬಂದೇ ಇಲ್ಲ. ಜಾಮೀನುದಾರರ ಸಹಿಗಳೆಲ್ಲ ಒಂದೇ ಕೈಯವು ಅನ್ನಿಸುತ್ತದೆ. ‘ನನ್ನ ಎದುರು ಸಹಿ ಮಾಡಿದರು’ ಅನ್ನುವ ಜಾಗದಲ್ಲಿ ನನ್ನ ಸಹಿ ಬೇಕಂತೆ. ತಲೆನೋವು, ರಜೆ ಅಂತ ಇಷ್ಟು ದಿನ ತಪ್ಪಿಸಿಕೊಂಡೆ. ಈಗ, ಆಡಿಟ್‌ಗೆ ಮೊದಲು ಮಾಡದಿದ್ದರೆ ನಿನ್ನ ಜಾಗಕ್ಕೆ ಬೇರೆಯವರು ಬರ್ತಾರೆ ಅಂದಿದ್ದಾರೆ. ಯಜಮಾನರ ಅಂಗಡಿ ಮುಚ್ಚಿದೆ, ಮಗಳು ಪಿಯುಸಿ ಓದುತ್ತಿದ್ದಾಳೆ, ಮನೆ ನನ್ನ ಸಂಬಳದ ಮೇಲೆಯೇ ನಿಂತಿದೆ. ಮನೆಕೂಟದಲ್ಲಿ, ಅಂದರೆ ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟದಲ್ಲಿ, ಹೇಳಿಕೊಂಡೆ. ಒಬ್ಬರು ‘ನಂಬಿಕೆ ಇದ್ದರೆ ಇವತ್ತೇ ರಾಜೀನಾಮೆ ಬಿಸಾಡು’ ಅಂದರು. ಇನ್ನೊಬ್ಬರು ‘ದೇವರು ಹೃದಯ ನೋಡುತ್ತಾನೆ, ಸುಮ್ನೆ ಸಹಿ ಹಾಕು’ ಅಂದರು. ನನಗೆ ರಾತ್ರಿ ನಿದ್ದೆಯಿಲ್ಲ. ಇಷ್ಟು ಭಯಪಡುವವಳಿಗೆ ನಂಬಿಕೆಯೇ ಇಲ್ಲವಾ ಅಕ್ಕಾ?
(ಹೆಸರು, ಊರು ಬೇಡ)

ಉತ್ತರ: ತಂಗಿ, ಸಹಿ ಹಾಕಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದ್ದನ್ನು ಓದುವಾಗ ಎಲ್ಲಾದರೂ ಸಂದು ಸಿಕ್ಕೀತಾ ಅಂತ ನೀನು ಹುಡುಕುವುದು ಬೇಡ. ಹಾಗಂತ ರಾಜೀನಾಮೆಯನ್ನೂ ಕೊಡಬೇಡ.

ಈಗ ಭಯದ ವಿಷಯಕ್ಕೆ ಬರುತ್ತೇನೆ. ಇವತ್ತು ರಾತ್ರಿ ನಿದ್ದೆ ಬಾರದಿದ್ದರೆ ಬೈಬಲ್‌ನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕ ತೆಗೆದು 37ರಿಂದ 39ನೇ ಅಧ್ಯಾಯದವರೆಗೆ ಒಂದೇ ಸಲಕ್ಕೆ ಓದು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಊರೊಳಗೆ ರೊಟ್ಟಿ ಮುಗಿಯುತ್ತಾ ಬಂದಿದೆ. ಶರಣಾದರೆ ಪ್ರಾಣ ಉಳಿಯುತ್ತದೆ ಅಂತ ಯೆರೆಮೀಯ ದೇವರ ಮಾತು ಹೇಳುತ್ತಾನೆ. ಅಧಿಕಾರಿಗಳಿಗೆ ಸಿಟ್ಟು ಬರುತ್ತದೆ, ಇವನನ್ನು ಕೊಲ್ಲಿಸಬೇಕು ಅಂತ ರಾಜನ ಹತ್ತಿರ ಹೋಗುತ್ತಾರೆ. ರಾಜ ಚಿದ್ಕೀಯ ಏನಂದ ಗೊತ್ತಾ? ‘ಅವನು ನಿಮ್ಮ ಕೈಯಲ್ಲಿದ್ದಾನೆ, ನಿಮಗೆ ವಿರುದ್ಧವಾಗಿ ನಾನೇನೂ ಮಾಡಲಾರೆ.’ ಸಿಂಹಾಸನದ ಮೇಲೆ ಕೂತವನ ಮಾತಿದು! ಅದೇ ಯೆರೆಮೀಯನನ್ನು ಗುಟ್ಟಾಗಿ ಕರೆಸಿ, ಕರ್ತನಿಂದ ಏನಾದರೂ ಮಾತು ಬಂದಿದೆಯಾ ಅಂತ ಕೇಳಿದವನೂ ಇವನೇ. ಕೊನೆಗೆ ಅಧಿಕಾರಿಗಳು ಪ್ರವಾದಿಯನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸಿಬಿಟ್ಟರು. ಬಾವಿಯಲ್ಲಿ ನೀರಿರಲಿಲ್ಲ, ಕೆಸರಿತ್ತು. ಆ ಕೆಸರಿನಲ್ಲಿ ಅವನು ಹೂತುಹೋದ.

ಆಗ ಎಬೆದ್ಮೆಲೆಕ ಬರುತ್ತಾನೆ. ಅರಮನೆಯಲ್ಲಿ ಕೆಲಸಕ್ಕಿದ್ದ ಕೂಷ್ ದೇಶದವನು, ಪರದೇಶಿ. ಪ್ರವಾದಿಯೂ ಅಲ್ಲ, ಯಾಜಕನೂ ಅಲ್ಲ. ರಾಜ ಊರಿನ ಬೆನ್ಯಾಮೀನ್ ಬಾಗಿಲಲ್ಲಿ ಕೂತಿದ್ದಾಗ ನೇರವಾಗಿ ಹೋಗಿ, ಈ ಜನ ಮಾಡಿದ್ದು ಕೆಟ್ಟ ಕೆಲಸ, ಅವನು ಅಲ್ಲೇ ಹಸಿವಿನಿಂದ ಸಾಯುತ್ತಾನೆ ಅಂದ. ರಾಜ ಮೂವತ್ತು ಜನರನ್ನು ಕೊಟ್ಟು ಕಳಿಸಿದ. ಎಬೆದ್ಮೆಲೆಕ ನೇರವಾಗಿ ಬಾವಿಗೆ ಓಡಲಿಲ್ಲ ನೋಡು. ಅರಮನೆಯ ಉಗ್ರಾಣದ ಕೆಳಗಿನ ಕೋಣೆಗೆ ಹೋಗಿ ಹಳೇ ಹರಕು ಬಟ್ಟೆ ಹುಡುಕಿ ತಂದ. ಹಗ್ಗ ಉಜ್ಜಿ ಗಾಯವಾಗದಿರಲಿ, ಇವನ್ನು ಕಂಕುಳಿಗೆ ಇಟ್ಟುಕೋ ಅಂತ ಮೇಲಿನಿಂದ ಹೇಳಿದ. ಆಮೇಲೆ ಎಳೆದರು. ಮುತ್ತಿಗೆ ಬಿದ್ದ ಊರಲ್ಲಿ, ದೊಡ್ಡವರ ಕೆಂಗಣ್ಣಿಗೆ ಗುರಿಯಾಗಿ ನಿಂತಿರುವಾಗ, ಇನ್ನೊಬ್ಬನ ಕಂಕುಳಿನ ಚರ್ಮದ ಚಿಂತೆ ಮಾಡಿದ ಮನುಷ್ಯ! ಈ ಭಾಗ ಓದುವಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ನಿನಗೆ ಬೇಕಾದ ಮಾತು 39ನೇ ಅಧ್ಯಾಯದ ಕೊನೆಯಲ್ಲಿದೆ. ನೀನು ಯಾರಿಗೆ ಹೆದರುತ್ತೀಯೋ ಅವರ ಕೈಗೆ ನಿನ್ನನ್ನು ಕೊಡುವುದಿಲ್ಲ, ನೀನು ನನ್ನಲ್ಲಿ ಭರವಸೆಯಿಟ್ಟೆ, ನಿನ್ನ ಪ್ರಾಣ ನಿನಗೆ ಉಳಿಯುತ್ತದೆ ಅಂತ ದೇವರು ಅವನಿಗೆ ಹೇಳಿ ಕಳಿಸುತ್ತಾನೆ. ಅಂದರೆ ಅವನಿಗೆ ಹೆದರಿಕೆ ಇತ್ತು. ಯಾರ ಹೆದರಿಕೆ ಅನ್ನುವುದೂ ದೇವರಿಗೆ ಗೊತ್ತಿತ್ತು. ಆ ಹೆದರಿಕೆ ಇಟ್ಟುಕೊಂಡೇ ಅವನು ಬಾಗಿಲಿಗೆ ಹೋದ. ದೇವರು ಅದನ್ನೇ ಭರವಸೆ ಅಂತ ಕರೆದ. ನಿನ್ನ ಎದೆ ಡವಡವ ಅನ್ನುವುದು ಅಪನಂಬಿಕೆ ಅಂತ ಯಾರಾದರೂ ಹೇಳಿದರೆ ಈ ವಚನ ತೋರಿಸು.

ಚಿದ್ಕೀಯನಿಗೂ ಹೆದರಿಕೆ ಇತ್ತು. ಶರಣಾದರೆ ಮೊದಲೇ ಬಾಬೆಲಿನವರ ಕಡೆ ಹೋದ ಯೆಹೂದ್ಯರು ತನ್ನನ್ನು ಗೇಲಿ ಮಾಡುತ್ತಾರೆ ಅನ್ನುವ ಹೆದರಿಕೆ. ಅದಕ್ಕೇ ತೀರ್ಮಾನವನ್ನು ಮುಂದಕ್ಕೆ ಹಾಕಿದ, ಹಾಕುತ್ತಲೇ ಇದ್ದ. ಕಡೆಗೆ ರಾತ್ರಿ ಅರಸನ ತೋಟದ ದಾರಿಯಿಂದ ಓಡಿದ. ಯೆರಿಕೋವಿನ ಬಯಲಲ್ಲಿ ಸಿಕ್ಕಿಬಿದ್ದ. ಅವನ ಕಣ್ಣೆದುರೇ ಮಕ್ಕಳನ್ನು ಕೊಂದರು, ಆಮೇಲೆ ಆ ಕಣ್ಣುಗಳನ್ನೇ ಕಿತ್ತರು. ಊರು ಸುಟ್ಟುಹೋಯಿತು. ತಲೆನೋವು ಅಂತ ರಜೆ ಹಾಕುವುದು ಇನ್ನು ಸಾಕು ತಂಗಿ. ತಪ್ಪಿಸಿಕೊಳ್ಳುತ್ತಾ ಹೋದರೆ ಒಂದು ದಿನ ಸಹಿ ತಾನಾಗಿ ಬಿದ್ದಿರುತ್ತದೆ.

ಆ ಇಬ್ಬರ ಸಲಹೆಗೂ ಒಂದೊಂದು ಮಾತು. ‘ದೇವರು ಹೃದಯ ನೋಡುತ್ತಾನೆ’ ಅನ್ನುವ ಮಾತು ಬಂದದ್ದು ಪ್ರವಾದಿ ಸಮುವೇಲ ಇಷಯನ ಮಕ್ಕಳಲ್ಲಿ ರಾಜನನ್ನು ಹುಡುಕುವಾಗ. ಸುಳ್ಳು ದಾಖಲೆಗೆ ಅದನ್ನು ಮುಚ್ಚಳ ಮಾಡಬಾರದು. ಇನ್ನು ಇವತ್ತೇ ಬಿಸಾಡು ಅನ್ನುವವರಿಗೆ ಯೆರೆಮೀಯನೇ ಉತ್ತರ. 37ನೇ ಅಧ್ಯಾಯದಲ್ಲಿ ಅವನು ರಾಜನನ್ನು ಬೇಡಿಕೊಳ್ಳುತ್ತಾನೆ, ನನ್ನನ್ನು ಮತ್ತೆ ಸೆರೆಮನೆ ಮಾಡಿಕೊಂಡಿರುವ ಯೋನಾತಾನನ ಮನೆಗೆ ಕಳಿಸಬೇಡ, ಅಲ್ಲಿ ಸಾಯುತ್ತೇನೆ ಅಂತ. ಪ್ರಾಣ ಉಳಿಸಿಕೊಳ್ಳಲು ನ್ಯಾಯವಾದ ದಾರಿ ಇದ್ದರೆ ಕೇಳಬೇಕು. ಕೊಲ್ಲಲು ಕಾದಿದ್ದವರಿಂದ ತಪ್ಪಿಸಲು ಅಪೊಸ್ತಲ ಪೌಲನನ್ನು ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿಸಲಿಲ್ವಾ?

ಹಾಗಾಗಿ ಹೀಗೆ ಮಾಡು. ಫೈಲ್ ಬಂದಾಗ ತಗ್ಗಿದ ದನಿಯಲ್ಲೇ ಹೇಳು: ‘ಸದಸ್ಯರು ಬರಲಿ ಸರ್, ನನ್ನೆದುರು ಸಹಿ ಮಾಡಲಿ, ಆಗಲೇ ನಾನೂ ಹಾಕುತ್ತೇನೆ.’ ಇದಕ್ಕಿಂತ ಜಾಸ್ತಿ ಮಾತು ಬೇಡ. ಯಾವ ದಿನ ಯಾವ ಫೈಲ್ ಬಂತು, ಏನಂದರು ಅಂತ ಮನೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಅಲ್ಲಿ ವಕೀಲರನ್ನು ಕಂಡು, ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಯಾವಾಗ, ಹೇಗೆ ಬರೆಯಬೇಕು ಅಂತ ಕೇಳು. ನಾಳೆ ತನಿಖೆ ಬಂದರೆ ‘ಸಹಿ ಯಾರದ್ದು’ ಅನ್ನುವುದೇ ಮೊದಲ ಪ್ರಶ್ನೆ. ಯಜಮಾನರಿಗೆ ಎಲ್ಲವನ್ನೂ ಹೇಳು. ಸಭಾಪಾಲಕರಿಗೂ ಹೇಳು. ಪ್ರಾರ್ಥನೆ ಮಾಡಿ ಅಂತ ಮಾತ್ರ ಕೇಳಬೇಡ, ಸಂಬಳ ನಿಂತರೆ ಮಗಳ ಫೀಸಿಗೆ ಸಭೆಯಿಂದ ಏನಾಗುತ್ತದೆ ಅಂತಲೂ ಬಾಯಿಬಿಟ್ಟು ಕೇಳು. ಈಗಿನಿಂದಲೇ ಬೇರೆ ಕೆಲಸ ಹುಡುಕು.

ಇನ್ನೊಂದು ವಿಷಯ ನಿನ್ನ ಪತ್ರದಲ್ಲಿ ಇರಲಿಲ್ಲ. ನಿಮ್ಮ ಸಂಘದಲ್ಲಿ ಪಿಗ್ಮಿ ಕಟ್ಟುವವರು ಇರುತ್ತಾರಲ್ಲ, ಸಂತೆಯಲ್ಲಿ ಸೊಪ್ಪು ಮಾರುವವಳು, ಹೂ ಕಟ್ಟುವವಳು, ದಿನಾ 50 ರೂಪಾಯಿ, 100 ರೂಪಾಯಿ ಕೊಡುವವರು. ಬಾರದವರ ಹೆಸರಲ್ಲಿ ಹೋಗುವ ಸಾಲ ಅವರ ದುಡ್ಡು. ಬಾವಿಯೊಳಗೆ ಇರುವವರು ಅವರು.

ಕೆಲಸ ಉಳಿಯುತ್ತದೆ ಅಂತ ನಾನು ಮಾತು ಕೊಡಲಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಾಗ, ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಚೀಟಿ ಬಂದರೆ ಕಣ್ಣು ಮುಚ್ಚಿಕೊಳ್ಳಿ ಅಂತ ಆಡಳಿತದವರು ಹೇಳಿದರು. ಮುಚ್ಚಿಕೊಳ್ಳಲಿಲ್ಲ. ಬಡ್ತಿ ನನ್ನ ಕೆಳಗಿನವರಿಗೆ ಹೋಯಿತು. ಅದು ಮತ್ತೆ ನನ್ನ ಕಡೆ ಬರಲೇ ಇಲ್ಲ. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯದಲ್ಲಿ ಪೇತ್ರನನ್ನು ದೂತ ಸೆರೆಯಿಂದ ಬಿಡಿಸುತ್ತಾನೆ, ಅದೇ ಅಧ್ಯಾಯದಲ್ಲಿ ಯಾಕೋಬನನ್ನು ಹೆರೋದ ಕತ್ತಿಯಿಂದ ಕೊಲ್ಲಿಸುತ್ತಾನೆ. ಇಬ್ಬರೂ ಕರ್ತನವರೇ. ಯಾಕೆ ಹೀಗೆ ಅಂತ ಅಲ್ಲಿ ಬರೆದಿಲ್ಲ, ನಾನೂ ಕಾರಣ ಹೊಲಿದು ಕೊಡುವುದಿಲ್ಲ. ಆದರೆ ಬಡ್ತಿಯಿಲ್ಲದ ಆ ವರ್ಷಗಳಲ್ಲಿ ನಮ್ಮ ಮನೆಯ ಒಲೆ ಆರಲಿಲ್ಲ, ಮಕ್ಕಳ ಮುಂದೆ ನಿಂತು ಪಾಠ ಮಾಡುವಾಗ ನನ್ನ ದನಿ ನಡುಗಲಿಲ್ಲ. ಏನಾಯಿತು ಅಂತ ಮತ್ತೆ ಬರೆ. ನಮ್ಮ ಮಹಿಳಾ ಸಂಘದಲ್ಲಿ ಹೆಸರು ಹೇಳದೆ ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ.

ಪ್ರಶ್ನೆ: ಆರೋಗ್ಯ ವಿಮೆ ಮಾಡಿಸಲು ಹೊರಟರೆ ನನ್ನ ತಾಯಿ, ‘ಗುಣಪಡಿಸುವ ಕರ್ತನಿರುವಾಗ ಇದು ಅಪನಂಬಿಕೆ’ ಅನ್ನುತ್ತಾರೆ. ಏನು ಹೇಳಲಿ?
(ಒಬ್ಬ ಓದುಗ, ಬೆಂಗಳೂರು)

ಉತ್ತರ: ಅಮ್ಮನ ಜೊತೆ ವಾದಕ್ಕೆ ಹೋಗಬೇಡಿ, ಐಗುಪ್ತದಲ್ಲಿ ಧಾನ್ಯ ಕೂಡಿಟ್ಟ ಯೋಸೇಫನ ಕಥೆ ಓದಿ ಹೇಳಿ. ದೇವರು ಬರ ಬರುತ್ತದೆ ಅಂತ ಮೊದಲೇ ತಿಳಿಸಿದ್ದು ಐದರಲ್ಲಿ ಒಂದು ಪಾಲು ಬೆಳೆ ಕೂಡಿಡಲಿ ಅಂತಲೇ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ಕಥೆಯ ಐಶ್ವರ್ಯವಂತನೂ ಕಣಜ ಕಟ್ಟಿದ, ಆದರೆ ಅವನ ಲೆಕ್ಕದಲ್ಲಿ ಅವನೊಬ್ಬನೇ ಇದ್ದ. ಯೋಸೇಫನ ಕಣಜದಿಂದ ಸುತ್ತಲ ದೇಶಗಳೂ ಉಂಡವು. ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ ಪೌಲ ತಿಮೊಥೆಯನಿಗೆ ಬರೆದಿದ್ದಾನೆ. ವಿಮೆ ಮಾಡಿಸಿ, ಅಮ್ಮನ ಹೆಸರನ್ನೂ ಸೇರಿಸಿ. ಅವರಿಗೆ ಈಗಾಗಲೇ ಬಿಪಿ, ಸಕ್ಕರೆ ಇದ್ದರೆ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ, ಪ್ರೀಮಿಯಂ ಜಾಸ್ತಿಯಾದರೂ ಸರಿ. ಕಾರ್ಡಿನ ಒಂದು ಪ್ರತಿ ಅಮ್ಮನ ಕೈಗೆ ಕೊಟ್ಟಿರಿ, ಆಸ್ಪತ್ರೆಗೆ ಹೋಗಬೇಕಾದ ದಿನ ನೀವು ಊರಲ್ಲಿ ಇಲ್ಲದೇ ಇರಬಹುದು.