ಯೋಗ ಒಂದನ್ನೇ ಮಾಡಿದರೆ ಸಾಕಾ?

ವಯಸ್ಸು 42, ಬಿಪಿ ಗುಳಿಗೆ ನಡೆದಿದೆ, ಜಿಮ್ ಅಂದರೆ ಆಗಿಬರುವುದಿಲ್ಲ, ದಿನಾ ಮುಕ್ಕಾಲು ತಾಸು ಯೋಗ ಮಾಡಿದರೆ ಫಿಟ್ ಆಗಿರಲು ಸಾಕಾ ಅಂತ ಕೇಳಿದ್ದೀರಿ. ಮೂರು ವರ್ಷ ನಾನೂ ಸಾಕು ಅಂತಲೇ ತಿಳಿದಿದ್ದೆ. ಈಗ ಹಾಗೆ ಹೇಳಲಾರೆ.

ನಾನು ವಿಜಯಪುರದವ, ಕೂತು ಮಾಡುವ ನೌಕರಿ. ಬೆನ್ನು ಹಿಡಿದುಕೊಂಡಿತು ಅಂತ ಯೋಗಕ್ಕೆ ಸೇರಿದೆ. ಆರು ತಿಂಗಳಲ್ಲಿ ಬೆನ್ನು ಸಡಿಲಾಯಿತು, ಬಗ್ಗಿದರೆ ಅಂಗೈ ನೆಲಕ್ಕೆ ಮುಟ್ಟತೊಡಗಿತು, ದಿಂಬಿಗೆ ತಲೆ ಕೊಟ್ಟರೆ ನಿದ್ದೆ. ಕಂಡಕಂಡವರಿಗೆ ಉಪದೇಶ ಮಾಡುವ ಚಟವೂ ಹತ್ತಿತ್ತು ಅನ್ನಿ. ಒಂದು ದೀಪಾವಳಿ ರಜೆಗೆ ಅಣ್ಣನ ಮಗ ಬಂದ, ಗೋಲಗುಮ್ಮಟಕ್ಕೆ ಕರೆದುಕೊಂಡು ಹೋದೆ. ಏಳು ಅಂತಸ್ತಿನ ಮಿನಾರದೊಳಗಿನ ಮೆಟ್ಟಿಲು ಹತ್ತಿದವರಿಗೆ ಗೊತ್ತು, ಇಕ್ಕಟ್ಟು, ಮೇಲಾಗಿ ಎತ್ತರೆತ್ತರ. ನಾಲ್ಕನೇ ಅಂತಸ್ತಿಗೇ ಗೋಡೆ ಹಿಡಿದು ನಿಂತೆ. ಹೇಗೋ ಮೇಲೆ ಹೋಗಿ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಆತು ಕೂತರೆ, ಎದುರು ಬದಿಯಿಂದ, ಅಂದರೆ ಸುಮಾರು 38 ಮೀಟರ್ ಆಚೆಯಿಂದ, ಹುಡುಗನ ದನಿ ಕಿವಿಯಲ್ಲೇ ಊದಿದಂತೆ ಬಂತು: “ಕಾಕಾ, ಎಷ್ಟು ತೇಕತೀರಿ! ಇಲ್ಲೀತನಾ ಕೇಳಾಕತ್ತೈತಿ.”

ಆಮೇಲೆ ಓದಿ ತಿಳಿದದ್ದು ಇಷ್ಟು. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಅಂತ ಹಿಡಿದರೆ, ನಿಧಾನದ ಹಠಯೋಗ ಸುಮಾರು 2.5. ಚುರುಕು ನಡಿಗೆ 4ರ ಆಸುಪಾಸು. ಹೃದಯಕ್ಕೆ ಸಾಧಾರಣ ಮಟ್ಟದ ಕೆಲಸ ಅಂತ ಲೆಕ್ಕಕ್ಕೆ ಬರುವುದೇ 3ರಿಂದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ ಅಂಥ ಕೆಲಸ 150ರಿಂದ 300 ನಿಮಿಷ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮ. ನಾನು ಮೂರು ವರ್ಷ ಪವನಮುಕ್ತಾಸನ, ಶವಾಸನ ಮಾಡಿ ಮಿನಾರ ಹತ್ತಲು ಹೋಗಿದ್ದೆ. ತಪ್ಪು ಯೋಗದ್ದಲ್ಲ.

ಸೂರ್ಯನಮಸ್ಕಾರವನ್ನು ಎಡಬಿಡದೆ ಹಾಕಿದರೆ ಮಾತು ಬೇರೆ, ಬೆವರು ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. 1920ರ ದಶಕದಲ್ಲಿ ಅದನ್ನು ವ್ಯಾಯಾಮವಾಗಿ ಮಂದಿಗೆ ಹಚ್ಚಿದ ಈಗಿನ ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಅದನ್ನು ನೋಡಿದ್ದೂ ಕಸರತ್ತಿನ ಹಾಗೆಯೇ. (ಆ ಸಂಸ್ಥಾನದ ಒಂದು ತುಂಡು ನಮ್ಮ ಜಿಲ್ಲೆಯ ಗುಣದಾಳದ ಕಡೆಗೂ ಇತ್ತು.) ಆದರೆ ನಮ್ಮ ಕ್ಲಾಸಿನಲ್ಲಿ ಹಾಕಿಸುತ್ತಿದ್ದದ್ದು ಆರು, ಅದೂ ನಡುನಡುವೆ ಮಾತಾಡಿಕೊಂಡು.

ಉಳಿದದ್ದು ಬಲದ ಪ್ರಶ್ನೆ. 20 ಲೀಟರ್ ನೀರಿನ ಕ್ಯಾನ್ ಮಾಳಿಗೆ ಮೇಲೆ ಒಯ್ಯುವಾಗ ನನಗೆ ಮೊದಲು ಕೈ ಕೊಟ್ಟಿದ್ದು ಮುಷ್ಟಿ. ಗರಡಿ ಮನೆಯ ಹಳೇ ವಸ್ತಾದರೊಬ್ಬರ ಮುಂದೆ ಹೇಳಿದರೆ ಅವರು ಕೇಳಿದ್ದು ಒಂದೇ: “ಸರ, ನೆಲಾ ದಬ್ಬೂದು ಆತು. ಜಗ್ಗೂದು, ಎತ್ತೂದು ಎಲ್ಲೈತಿ?” ಹೌದಲ್ಲ! ಆಸನಗಳಲ್ಲಿ ಕೈ ನೆಲವನ್ನು ಒತ್ತುತ್ತದೆ, ಏನನ್ನೂ ತನ್ನ ಕಡೆ ಎಳೆಯುವುದೇ ಅಪರೂಪ. ಭಾರವೂ ಎಂದಿಗೂ ನಮ್ಮ ಮೈಯಷ್ಟೇ. ಸ್ನಾಯು ಬೆಳೆಯಬೇಕೆಂದರೆ ಅದಕ್ಕೆ ದಿನ ಕಳೆದಂತೆ ಹೆಚ್ಚಿನ ಹೊರೆ ಬೀಳಬೇಕು.

ಈಗ ನನ್ನ ಪಾಡು ಹೀಗಿದೆ: ವಾರಕ್ಕೆ ಐದು ದಿನ ಮುಂಜಾನೆ ಅರ್ಧ ತಾಸು ಜೋರು ನಡಿಗೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಜೋರು. ಎರಡು ದಿನ ದಂಡ, ಬಸ್ಕಿ, ಜೊತೆಗೆ ಎರಡು ಕೈಯಲ್ಲೂ ನೀರು ತುಂಬಿದ ಕೊಡ ಹಿಡಿದು ಅಂಗಳದಲ್ಲಿ ಓಡಾಟ. ನೋಡಿದವರು ನಳ ಬಂದಿಲ್ಲವಾ ಅಂತ ಕೇಳುತ್ತಾರೆ. ಯೋಗ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಒಂದು ವಾರ ತಪ್ಪಿದರೆ ಬೆನ್ನು ನೆನಪಿಸುತ್ತದೆ.

ಜಿಮ್ ಬೇಡ ಅಂದಿರಲ್ಲ, ಅದರ ಅಗತ್ಯವೇನಿಲ್ಲ. ನಡಿಗೆಗೆ ದುಡ್ಡು ಬೇಡ, ಕೊಡ ಮನೆಯಲ್ಲೇ ಇರುತ್ತದೆ. ಬಿಪಿ ಇರುವವರು ಎತ್ತುವಾಗ ಉಸಿರು ಕಟ್ಟಬೇಡಿ, ಬಿಡುತ್ತಾ ಎತ್ತಿ. ಶೀರ್ಷಾಸನದ ಆಸೆ ಇದ್ದರೆ ಮೊದಲು ಡಾಕ್ಟರರನ್ನು ಕೇಳಿ. ಕಣ್ಣಿನೊಳಗಿನ ಒತ್ತಡ ಹೆಚ್ಚಿರುವ ಕಾಯಿಲೆಯೂ (ಗ್ಲಾಕೋಮಾ) ಇದ್ದರೆ ಶೀರ್ಷಾಸನವನ್ನು ಮರೆತೇಬಿಡಿ.